ಮೊಸಳೆ ಕೊಳದ ಬಳಿ ಕೇಳಿಸಿದ ಹೆಸರು

ನಮ್ಮ ಅತ್ತೆ ರುದ್ರವ್ವನಿಗೆ ಬಾಯಿ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಪುಣೆಯ ಧನಕವಡಿಯಲ್ಲಿರುವ ನಮ್ಮ ಖಾರದ ಪುಡಿಯ ಅಂಗಡಿಯಲ್ಲಿ ಕೂತು, ಅರ್ಧ ಮರಾಠಿ ಅರ್ಧ ಸವದತ್ತಿ ಕನ್ನಡದಲ್ಲಿ ಎಂಥ ಗಿರಾಕಿಯನ್ನೂ ದಾರಿಗೆ ತರುವ ಹೆಂಗಸು. ಆ ಬಾಯಿಯಿಂದ ಬಾರದ ಮಾತು ಒಂದೇ, ಗಂಡನ ಹೆಸರು. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವರ ತಾಯಿ ಹೇಳಿಕೊಟ್ಟಿದ್ದರಂತೆ.

ಅಂಗಡಿಯ ಬೋರ್ಡಿನ ಮೇಲೆ ‘ಮುರುಗೆಪ್ಪ’ ಎಂದು ಮಾರುದ್ದ ಬರೆದಿದೆ. ಫೋನಿನಲ್ಲಿ ಯಾರಾದರೂ ಮುರುಗೆಪ್ಪನವರ ಅಂಗಡಿಯೇ ಎಂದು ಕೇಳಿದರೆ ಅತ್ತೆ, ಹೌದು, ಅವರದೇ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಪೇಶಂಟ್ ಹೆಸರು ಕೇಳಿದರೆ ನನ್ನ ಕಡೆ ಕೈ ತೋರಿಸುತ್ತಾರೆ. ಒಮ್ಮೆ ಇದೇ ಗದ್ದಲದಲ್ಲಿ ನರ್ಸಮ್ಮ ಮಾವನ ಶುಗರ್ ನೋಡುವ ಬದಲು ನನ್ನ ಬೆರಳು ಚುಚ್ಚಿದಳು. ಸೊಸೆಯಾಗಿ ನಾನು ಪಟ್ಟ ಪಾಡು ಇದು.

ಒಡಪಿನಲ್ಲಿ ಹೇಳಿದರೆ ಮಾತ್ರ ದೋಷವಿಲ್ಲವಂತೆ. ಮದುವೆ ಮನೆಯಲ್ಲಿ ಹೆಂಗಸರು ಪ್ರಾಸ ಕಟ್ಟಿ, ನಡುವೆ ಗಂಡನ ಹೆಸರು ಸೇರಿಸಿ ಹೇಳುತ್ತಾರಲ್ಲ, ಅದು. ಅತ್ತೆ ತಮ್ಮ ಮದುವೆಯಲ್ಲೇನೋ ಹೇಳಿದರು, ಆದರೆ ಬಾಯಿಗೆ ಸೆರಗು ಒತ್ತಿಕೊಂಡು. ತಮಗೆ ಕೇಳಿಸಿದ್ದು ಬರೀ ‘ಪ್ಪ’ ಎಂದು ಮಾವ ಇಂದಿಗೂ ದೂರುತ್ತಾರೆ. ಎಲ್ಲರೂ ನಗುತ್ತೇವೆ, ಮಾವ ಮಾತ್ರ ಅಷ್ಟಾಗಿ ನಗುವುದಿಲ್ಲ.

ಮೊನ್ನೆ ಭಾನುವಾರ ನಾನು, ನನ್ನ ಗಂಡ ಅಮರ, ಅತ್ತೆ, ಮಾವ ಕಾತ್ರಜದ ಪ್ರಾಣಿ ಸಂಗ್ರಹಾಲಯಕ್ಕೆ ಹೋದೆವು. ಹುಲಿ, ಆನೆ ಎಲ್ಲ ಮುಗಿಸಿ ಮೊಸಳೆ ಕೊಳಕ್ಕೆ ಬಂದರೆ, ಮೊಸಳೆ ದಂಡೆಯ ಮೇಲೆ ಬಾಯಿ ತೆರೆದು ಬಿದ್ದಿತ್ತು. ಅಲ್ಲಾಡಲಿಲ್ಲ. ಇದು ಸಿಮೆಂಟಿನದು, ಮಂದಿಯನ್ನು ಮರುಳು ಮಾಡಲು ಇಟ್ಟಿದ್ದಾರೆ ಎಂದರು ಮಾವ. ಅಲ್ಲ, ಜೀವಂತವೇ ಎಂದ ಅಮರ. ಅಪ್ಪ ಮಗ ಇಬ್ಬರೂ ಹಟಕ್ಕೆ ಬಿದ್ದರು. ಕೊನೆಗೆ ಕಾಲು ನೋಯುತ್ತಿದ್ದ ಅತ್ತೆಯನ್ನು ಕರೆದುಕೊಂಡು ನಾನೂ ಅಮರನೂ ಗೇಟಿನ ಕಡೆ ನಡೆದೆವು. ಮಾವ ಇದೋ ಬಂದೆ ಎಂದು ಅಲ್ಲೇ ಕಟಕಟೆಗೆ ಆತುಕೊಂಡರು.

ಬಹಳ ಹೊತ್ತಾದರೂ ಬರಲಿಲ್ಲ. ಊಟದ ಹೊತ್ತು ಮೀರಿತು. ಫೋನ್ ಮಾಡೋಣವೆಂದರೆ, ಕೊಳಕ್ಕೆ ಬಿದ್ದೀತೆಂದು ಮಾವ ಅದನ್ನು ಅತ್ತೆಯ ಬುತ್ತಿ ಚೀಲದಲ್ಲಿ ಹಾಕಿದ್ದರು. ರೊಟ್ಟಿ, ಶೇಂಗಾ ಚಟ್ನಿ, ಶುಗರಿನ ಗುಳಿಗೆ ಎಲ್ಲವೂ ಆ ಚೀಲದಲ್ಲೇ. ಹೋದ ವರ್ಷ ಹೀಗೇ ಊಟ ತಪ್ಪಿ ಮಾವ ಅಂಗಡಿಯಲ್ಲಿ ಕುಸಿದು ಬಿದ್ದದ್ದು ನಮ್ಮೆಲ್ಲರಿಗೂ ನೆನಪಾಯಿತು. ಅತ್ತೆಯನ್ನು ಬೆಂಚಿನ ಮೇಲೆ ಕೂರಿಸಿ ನಾನೂ ಅಮರನೂ ಹುಡುಕಲು ಹೊರಟೆವು. ಅಮರ ಮೊಸಳೆಯ ಕಡೆ ಹೋದ, ನಾನು ಹುಲಿಯ ಕಡೆ ಹೋದೆ.

ಮುಂದಿನದು ಅತ್ತೆಯೇ ಆಮೇಲೆ ಹೇಳಿದ್ದು. ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಗೇಟಿನ ಬಳಿಯ ಮೈಕಿನ ಕೋಣೆಗೆ ಹೋದರು. ಅಲ್ಲಿದ್ದ ಹುಡುಗಿ, “ಆಜಿ, ನಾವ್ ಸಾಂಗಾ,” ಎಂದು ಹೆಸರು ಕೇಳಿದಳು. ಅತ್ತೆ ಬಿಳಿ ಟೋಪಿ, ಬಿಳಿ ಅಂಗಿ, ವಯಸ್ಸಾದವರು ಎಂದರು. ಹುಡುಗಿ ಹಾಗೆಯೇ ಕೂಗಿದಳು. ಬಿಳಿ ಟೋಪಿಯ ಮೂವರು ಅಜ್ಜಂದಿರು ಬಂದು ನಿಂತರು. ಪುಣೆಯಲ್ಲಿ ಬಿಳಿ ಟೋಪಿಗೆ ಬರವೇ? ಅವರಲ್ಲಿ ನಮ್ಮವರು ಮಾತ್ರ ಇರಲಿಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ ಎನ್ನುವುದು ಇದಕ್ಕೇ.

ಹುಡುಗಿ ಮತ್ತೆ ಹೆಸರು ಕೇಳಿದಳು. ಹೇಳಿದರೆ ಗಂಡನ ಆಯುಷ್ಯಕ್ಕೆ ಕುತ್ತು, ಹೇಳದಿದ್ದರೆ ಗಂಡ ಹಸಿದು ಎಲ್ಲೋ ಬಿದ್ದಿದ್ದರೆ? ಅತ್ತೆ ಕಣ್ಣು ಮುಚ್ಚಿ ನಿಂತರು. ಆಮೇಲೆ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಮೈಕನ್ನು ತಮ್ಮ ಕಡೆ ಎಳೆದುಕೊಂಡರು.

ನಾನು ಹುಲಿಯ ಮುಂದೆ ನಿಂತಿದ್ದೆ. ತಲೆಯ ಮೇಲಿನ ಸ್ಪೀಕರ್ ಕೆಮ್ಮಿತು.

“ನೀರಿನ ದಂಡಿಗೆ ಮೊಸಳಿ ಬಾಯಿ ತಗದು ಮಲಗೇದ,
ಬುತ್ತ್ಯಾಗಿನ ರೊಟ್ಟಿ ಕಾದು ಕಾದು ಒಣಗೇದ,
ಮುರುಗೆಪ್ಪನವರ ದಾರಿ ನೋಡಕೋತ ನನ್ನ ಜೀವ ಗೇಟಿನಾಗ ನಿಂತೇದ.”

ಸುತ್ತಲಿನ ಮಂದಿ ಮೇಲೆ ನೋಡಿದರು. ಭಾಷೆ ಯಾರಿಗೂ ತಿಳಿಯಲಿಲ್ಲ, ಆದರೆ ಇದು ಗಂಡನ ಹೆಸರು ಹೇಳುವ ರೀತಿ ಎಂದು, ತಮ್ಮಲ್ಲೂ ಇದೇ ಪದ್ಧತಿ ಇರುವ ಮರಾಠಿ ಹೆಂಗಸರಿಗೆ ಗೊತ್ತಾಗಿ ಕಿಸಕ್ಕನೆ ನಕ್ಕರು. ನಾನು ಗೇಟಿಗೆ ಓಡಿದೆ. ಮಾವ ಬಂದಿರಲಿಲ್ಲ. ಅತ್ತೆಯ ಮುಖ ಬಿಳಿಚಿಕೊಂಡಿತ್ತು. ನಾನು ಕೈ ಹಿಡಿದೆ, ಅವರು ಬಿಡಿಸಿಕೊಂಡು ಮತ್ತೊಮ್ಮೆ ಮೈಕಿನ ಮುಂದೆ ಹೋದರು. ಈ ಸಲವೂ ಒಡಪನ್ನು ಪೂರ್ತಿ ಹೇಳಿದರು, ಹೆಸರಿನ ಒಂದಕ್ಷರವನ್ನೂ ನುಂಗಲಿಲ್ಲ.

ಸ್ವಲ್ಪ ಹೊತ್ತಿಗೆ ಮಾವ ಬಂದರು. ಹಿಂದೆ, ಕೊಳದ ಸುತ್ತಲ ಗುಂಪಿನಲ್ಲಿ ಅವರನ್ನು ಹುಡುಕಿ ಸುಸ್ತಾಗಿದ್ದ ಅಮರ. ಮಾವನ ನಡಿಗೆಯಲ್ಲಿ ಆತುರವೇ ಇರಲಿಲ್ಲ, ಮೆರವಣಿಗೆಯ ಮದುಮಗ ಬಂದ ಹಾಗೆ ಬಂದರು. ನನಗೆ ಪಿತ್ತ ನೆತ್ತಿಗೇರಿತು. ಮೊದಲನೇ ಸಲ ಕೂಗಿದ್ದು ಕೇಳಿಸಲಿಲ್ಲವೇ ಎಂದು ಜೋರಾಗಿಯೇ ಕೇಳಿದೆ.

“ಕೇಳಿಸ್ತವ್ವಾ, ಚಲೋತ್ನಾಗ ಕೇಳಿಸ್ತು,” ಎಂದರು ಮಾವ. “ಇಷ್ಟು ವರ್ಷದಾಗ ಒಮ್ಮೆನೂ ಪೂರಾ ಕೇಳಿದ್ದಿಲ್ಲ. ಇನ್ನೊಮ್ಮೆ ಹೇಳ್ತಾಳೇನೋ ಅಂತ ಅಲ್ಲೇ ನಿಂತೆ.”

ಅತ್ತೆ ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಗೇಟಿನ ಹೊರಗೆ ಮರದ ಕೆಳಗೆ ಬುತ್ತಿ ಬಿಚ್ಚಿ, ಒಣಗಿದ ರೊಟ್ಟಿ ಮುರಿದು, ಚಟ್ನಿಯ ಮೇಲೆ ಎಣ್ಣೆ ಹಾಕಿ ಮಾವನ ಮುಂದಿಟ್ಟರು. ಗುಳಿಗೆ ಕೈಯಲ್ಲಿ ಕೊಟ್ಟರು. ಆಮೇಲೆ ಬೇರೆ ಕಡೆ ನೋಡುತ್ತಾ, “ಕಡೀಗೆ ಅಲ್ಲಾಡಿತೇನ್ರಿ ನಿಮ್ಮ ಮೊಸಳಿ?” ಎಂದರು.

“ಅಲ್ಲಾಡಿತಂತ. ದಬಕ್ಕನ ನೀರಿಗೆ ಬಿತ್ತಂತ, ಮಂದೆಲ್ಲಾ ಚೀರಿದ್ರು,” ಎಂದರು ಮಾವ. “ನಾ ನೋಡಲಿಲ್ಲ. ಮಾರಿ ಮ್ಯಾಲ ಮಾಡಿ ಸ್ಪೀಕರ್ ನೋಡಕೋತ ನಿಂತಿದ್ದೆ.”