ರೀಲಿನ ಸ್ನಾನ

ಯಾವುದನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು ಎಂದು ತಿಳಿದವನಿಗೆ ಈ ಸಂಸಾರದಲ್ಲಿ ಕಲಿಯುವುದು ಬೇರೇನೂ ಉಳಿದಿರುವುದಿಲ್ಲ. ಈ ಮಹಾಜ್ಞಾನ ನನಗೆ ಯಾವ ಗುರುವಿನ ಪಾದದ ಬಳಿಯೂ ಆದದ್ದಲ್ಲ. ಮೀನು ಹಿಡಿಯುವ ರೀಲಿನ ಡಬ್ಬಿಯಲ್ಲಿ ನಾಲ್ಕು ಮಡಿಕೆಯಾಗಿ ಕುಳಿತಿದ್ದ, ಎಣ್ಣೆ ಕುಡಿದ ಒಂದು ಇಂಗ್ಲಿಷ್ ಚೀಟಿಯಿಂದ ಆದದ್ದು. ನಾನು ಮೀನು ತಿನ್ನುವವನೂ ಅಲ್ಲ. ಏಕಾದಶಿಗೆ ನೀರು ಕುಡಿಯಲೂ ಯೋಚಿಸುವ ವೈಷ್ಣವ ಮನೆತನದವನು.

ರೀಲು ನನ್ನದಲ್ಲ, ನನ್ನ ಗೆಳೆಯರದು. ಅವರು ವಾಡಿಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದರು. ನಾನು ಸೇಡಂನಲ್ಲಿ ಮನೆ ಮಾಡಿಕೊಂಡು ಚಿತ್ತಾಪುರದ ಹೈಸ್ಕೂಲಿಗೆ ಗಣಿತ ಕಲಿಸಲು ದಿನವೂ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿಬರುತ್ತಿದ್ದೆ. ಡ್ಯೂಟಿ ಮುಗಿಸಿದ ಗಾರ್ಡ್ ಸಾಹೇಬರು ಅದೇ ಗಾಡಿಯಲ್ಲಿ ಸಿಗುತ್ತಿದ್ದರು. ಇಬ್ಬರಿಗೂ ಮಾತಾಡುವಷ್ಟು ತ್ರಾಣ ಇರುತ್ತಿರಲಿಲ್ಲ. ಹಾಗಾಗಿ ಸ್ನೇಹ ಬೆಳೆಯಿತು. ಅವರು ಸೇಡಂ ತಾಲೂಕಿನದೇ ಮುಧೋಳದ ಕಡೆಯವರು, ಬೌದ್ಧ ಮನೆತನ. ಊರಿನ ಹಳೆಯ ಕಟ್ಟಳೆಯಲ್ಲಿ ಅವರ ಕೇರಿ ಊರಾಚೆ ಇತ್ತು, ನಮ್ಮ ಓಣಿ ಗುಡಿಯ ಬೆನ್ನಿಗಿತ್ತು. ಪ್ಯಾಸೆಂಜರ್ ಗಾಡಿಯಲ್ಲಿ ಮಾತ್ರ ಒಂದೇ ಬೆಂಚು.

ತೊಂಬತ್ತರ ದಶಕದ ನಡುವೆ ಒಮ್ಮೆ ಶಹಾಬಾದಿನಲ್ಲಿ ಯಾರೋ ಎಂಜಿನಿಯರು ವರ್ಗವಾಗಿ ಹೋಗುತ್ತ ಮನೆಯ ಸಾಮಾನು ಮಾರಿದರು. ಜನ ಕೂಲರಿಗೂ ಮಂಚಕ್ಕೂ ಮುಗಿಬಿದ್ದಾಗ ಗಾರ್ಡ್ ಸಾಹೇಬರು ಮೂಲೆಯಲ್ಲಿದ್ದ ಗಾಳದ ಕೋಲು, ಅದರ ರೀಲು ಎತ್ತಿಕೊಂಡರು. ಅವರಿಗೆ ಬೇಕಾದದ್ದು ಒಂದೇ. ಚಿಂಚೋಳಿಯ ಕಾಡಿನಂಚಿನ ಚಂದ್ರಂಪಳ್ಳಿ ಕೆರೆಯಲ್ಲಿ, ರಿಟೈರ್ ಆಗುವುದರೊಳಗೆ, ಎರಡು ಕೈಯಲ್ಲಿ ಎತ್ತುವಂಥ ಒಂದು ಕಟ್ಲಾ ಮೀನು. ಆಣೆಕಟ್ಟು ಆದಮೇಲೂ ನಾವು ಅದನ್ನು ಕೆರೆ ಎಂದೇ ಕರೆಯುತ್ತಿದ್ದೆವು. ಮೀನಿನ ಗುತ್ತಿಗೆ ಹಿಡಿದವನ ಕಡೆಯ ಮನುಷ್ಯ ಇವರಿಗೆ ಪರಿಚಯ. "ಹಿಡೀರಿ ಸಾಹೇಬ್ರ, ಸಿಕ್ಕರ" ಎಂದು ನಕ್ಕು ಒಪ್ಪಿದ್ದ.

ಚೀಟಿ ಓದುವ ಕೆಲಸ ನನ್ನ ಪಾಲಿಗೆ ಬಂತು. ರೀಲಿನ ತಲೆಯ ಮೇಲಿನ ತಿರುಪನ್ನು ಅದರಲ್ಲಿ ಡ್ರ್ಯಾಗ್ ಎಂದು ಕರೆದಿದ್ದರು. ತಿರುಪಿನ ಕೆಳಗೆ ಉಣ್ಣೆಯ ಬಿಲ್ಲೆಗಳು, ತಗಡಿನ ಬಿಲ್ಲೆಗಳು ಒಂದರ ಮೇಲೊಂದು. ತಿರುಪು ಬಿಗಿ ಮಾಡಿದರೆ ಅವು ಒತ್ತಿ ಕೂರುತ್ತವೆ, ದಾರ ಸುಲಭಕ್ಕೆ ಬಿಚ್ಚುವುದಿಲ್ಲ. ಸಡಿಲ ಮಾಡಿದರೆ ದಾರ ಸರಸರ ಬಿಚ್ಚಿಕೊಂಡು ಹೋಗುತ್ತದೆ. ಮೀನು ಜೋರಾಗಿ ಎಳೆದಾಗ ದಾರ ತುಂಡಾಗಬಾರದು, ಹಾಗೆಂದು ಪುಕ್ಕಟೆ ಹೋಗಲೂ ಬಾರದು.

"ಅಂದ್ರ ಬ್ರೇಕ್ ಅನ್ರಿ" ಎಂದರು ಗಾರ್ಡ್ ಸಾಹೇಬರು. "ನಮ್ ಗಾಡಿದು ಹಿಂಗೇ, ಸರ. ಬ್ರೇಕ್ ಅಂದ್ರ ಗಪ್ಪನ ನಿಲ್ಲಸೋದಲ್ಲ. ಗಪ್ಪನ ನಿಲ್ಲಸಿದ್ರ ಡಬ್ಬಿ ಡಬ್ಬಿ ಮ್ಯಾಲ ಏರ್ತಾವ. ಹಿಡಕೋತ ಹಿಡಕೋತ ಬಿಡೋದು."

ದಾರ ಎಷ್ಟು ಭಾರಕ್ಕೆ ತುಂಡಾಗುತ್ತದೋ ಅದರ ಕಾಲು ಭಾಗಕ್ಕೆ ಬಿಗಿ ಇಡಬೇಕು ಎಂದು ಚೀಟಿ ಹೇಳಿತು. ದಾರ ಎಂಟು ಕಿಲೋದ್ದು. ಅಂದರೆ ಎರಡು. ಶಾಲೆಯ ಪ್ರಯೋಗಾಲಯದಿಂದ ಸ್ಪ್ರಿಂಗ್ ತಕ್ಕಡಿ ತಂದೆ. ನಮ್ಮ ಮನೆಯ ಮುಂದೆ ಗಾರ್ಡ್ ಸಾಹೇಬರು ಕೋಲು ಎತ್ತಿ ಹಿಡಿದು ನಿಂತರು. ನಾನು ದಾರದ ತುದಿಯನ್ನು ತಕ್ಕಡಿಯ ಕೊಕ್ಕೆಗೆ ಕಟ್ಟಿಕೊಂಡು ಓಣಿಯುದ್ದಕ್ಕೂ ಹಿಂದೆ ಹಿಂದೆ ನಡೆದೆ. ಐವತ್ತರ ಹತ್ತಿರದ ಇಬ್ಬರು ಸರಕಾರಿ ನೌಕರರು ಹಗಲು ಹೊತ್ತಿನಲ್ಲಿ ಒಂದು ದಾರ ಹಿಡಿದು ಒಬ್ಬರನ್ನೊಬ್ಬರು ಎಳೆಯುವುದನ್ನು ನೋಡಲು ಓಣಿಯವರು ಕಟ್ಟೆಗೆ ಬಂದು ಕುಳಿತರು.

"ಮಾಸ್ತರ್ರು ಯಾರಿಗಿ ಸಿಕ್ಕೊಂಡಾರ?" ಎಂದು ಒಬ್ಬರು ಕೇಳಿದರು.

"ಇನ್ನೂ ಸಿಕ್ಕಿಲ್ರಿ, ಬಿಗಿ ನೋಡಾಕತ್ತೀವಿ" ಎಂದರು ಗಾರ್ಡ್ ಸಾಹೇಬರು.

ಮುಳ್ಳು ಎರಡರ ಮೇಲೆ ನಿಂತಾಗ ರೀಲು ಕಿರ್ ಎನ್ನುತ್ತ ಒಂದೇ ಸಮನೆ ದಾರ ಬಿಟ್ಟಿತು. ಮೂವತ್ತು ವರ್ಷ ಗಣಿತ ಕಲಿಸಿದವನು ನಾನು. ಉತ್ತರವೊಂದು ಸದ್ದು ಮಾಡುತ್ತ ಬಂದದ್ದನ್ನು ಕೇಳಿದ್ದು ಅದೊಂದೇ ಸಲ.

ಕೋಲನ್ನು ಅವರು ವಾಡಿಗೆ ಒಯ್ದರು. ರೀಲು ನನ್ನ ಕೈಗೆ ಕೊಟ್ಟರು.

"ನಮ್ ಕ್ವಾರ್ಟರ್ದಾಗ ಸಿಮಿಟಿನ ಧೂಳ ಭಾಳ, ಸರ. ಬಿಲ್ಲಿ ಒಳಗ ಹೊಕ್ಕರ ಬ್ರೇಕ್ ಕೆಡ್ತದ. ನಿಮ್ ಮನ್ಯಾಗ ಇರ್ಲಿ. ನಿಮ್ ಮನಿ ಸ್ವಚ್ಛ."

ನಮ್ಮ ಮನೆ ಸ್ವಚ್ಛವೇ. ಅದರ ಹೊಣೆ ನನ್ನ ತಾಯಿಯದು. ಗಾರ್ಡ್ ಸಾಹೇಬರು ಬಂದಾಗ ಹೊರಗಿನ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಅವರಿಗೆ ಕೊಡುವ ಸ್ಟೀಲ್ ಗ್ಲಾಸು ಗೋಡೆಯ ಗೂಡಿನಲ್ಲಿ ಬೇರೆಯಾಗಿ ಇರುತ್ತಿತ್ತು. ಅದು ಬಂದುಹೋಗುವವರ ಗ್ಲಾಸು ಎಂದು ನಾನು ಒಮ್ಮೆ ಹೇಳಿದ್ದೆ. ಅವರು ತಲೆಯಾಡಿಸಿ, ಕುಡಿದು, ತಾವೇ ತೊಳೆದು ಗೂಡಿನಲ್ಲಿ ಬೋರಲು ಹಾಕುತ್ತಿದ್ದರು. ಬಂದುಹೋಗುವವರು ಬೇರೆ ಯಾರೂ ಆ ಗ್ಲಾಸಿನಲ್ಲಿ ಕುಡಿದದ್ದಿಲ್ಲ.

ಮೊದಲ ಸಲ ಕೆರೆಗೆ ಹೋಗಿ ಬರಿಗೈಲಿ ಬಂದ ಸಂಜೆ, ತಾಯಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು.

"ಏನೋ ಅದು ಕೈಯಾಗ?"

"ರೀಲು, ಅವ್ವಾ. ಗಾರ್ಡ್ ಸಾಹೇಬ್ರದು. ದಾರ ಸುತ್ತೋದು."

"ದಾರ ಸುತ್ತಿ ಮೀನ ಹಿಡೀಲಿಕತ್ತಾರೇನು?"

"ಇನ್ನೂ ಒಂದೂ ಬಂದಿಲ್ಲ."

"ಬರದಿದ್ರೇನು, ಮುಟ್ಟಿದ ಕೈ ಅವರ್ದೇ ಅಲಾ?"

ಆ ಮಾತಿನಲ್ಲಿ ಮೀನು ಇರಲಿಲ್ಲ. ಅದು ನನಗೆ ಗೊತ್ತಾಯಿತು, ಅವರಿಗೂ ಗೊತ್ತಿತ್ತು. ಮರುದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ರೀಲು ಸೀಗೆಕಾಯಿ ನೀರಿನ ಬಕೆಟ್ಟಿನಲ್ಲಿ ಮುಳುಗಿತ್ತು. ಆಮೇಲೆ ತುಳಸಿಕಟ್ಟೆಯ ಪಕ್ಕ ಬಿಸಿಲಿಗೆ ಒಣಗಿತು.

ಇಲ್ಲಿ ಚೀಟಿಯದೂ ಒಂದು ಪಾಲು ಇದೆ. ಕೆಲಸ ಮುಗಿದ ಮೇಲೆ ತಿರುಪು ಪೂರ್ತಿ ಸಡಿಲಿಸಿ ಇಡಬೇಕು, ಇಲ್ಲದಿದ್ದರೆ ಉಣ್ಣೆಯ ಬಿಲ್ಲೆಗಳು ಒತ್ತಿಕೊಂಡು ಸಾಯುತ್ತವೆ ಎಂದು ಅದರಲ್ಲಿತ್ತು. ನಾನು ಚಾಚೂ ತಪ್ಪದೆ ಸಡಿಲಿಸಿ ಇಡುತ್ತಿದ್ದೆ. ಹೀಗೆ ನಾನು ಶ್ರದ್ಧೆಯಿಂದ ತೆರೆದಿಟ್ಟ ಸಂದಿಯೊಳಗೆ ತಾಯಿ ಶ್ರದ್ಧೆಯಿಂದ ಸೀಗೆಕಾಯಿ ನೀರು ಹುಯ್ಯುತ್ತಿದ್ದರು.

ನಾನು ಏಕೆ ಬೇಡ ಎನ್ನಲಿಲ್ಲ ಎಂದು ಈಗ ಕೇಳಬಹುದು. ದಣಿವಿತ್ತು. ಒಂಬತ್ತನೆಯ ಇಯತ್ತೆಯ ಬೀಜಗಣಿತ, ಎರಡು ಹೊತ್ತಿನ ಪ್ಯಾಸೆಂಜರ್ ಗಾಡಿ, ಅಷ್ಟರಲ್ಲಿ ನನ್ನ ಬಾಯಿ ಮುಗಿದುಹೋಗಿರುತ್ತಿತ್ತು. ಎಪ್ಪತ್ತೈದು ದಾಟಿದ ತಾಯಿಯೊಡನೆ ಬಕೆಟ್ಟಿನ ಮುಂದೆ ನಿಂತು ವಾದಿಸುವುದಕ್ಕಿಂತ ಗೆಳೆಯನಿಗೆ ಹೇಳದೆ ಇರುವುದು ಸುಲಭವಾಗಿತ್ತು. ದಣಿವನ್ನು ನಾನು ಬಹಳ ವರ್ಷ ಒಳ್ಳೆಯತನ ಎಂದು ತಿಳಿದುಕೊಂಡಿದ್ದೆ. ನೋಡಲು ಎರಡೂ ಒಂದೇ ಥರ ಇರುತ್ತವೆ, ಎರಡೂ ಸುಮ್ಮನೆ ಕೂತಿರುತ್ತವೆ.

ಅವರಿಗೆ ರಜೆ ಸಿಕ್ಕ ಭಾನುವಾರಗಳಲ್ಲಿ ಹೋಗುತ್ತಿದ್ದೆವು. ಸೇಡಂನಿಂದ ಬಸ್ಸು, ಚಿಂಚೋಳಿ ಪಕ್ಕದ ಚಂದಾಪುರದಲ್ಲಿ ಇಳಿದು ಚಹಾ, ಅಲ್ಲಿಂದ ಜೀಪಿನಲ್ಲಿ ಹದಿನಾಲ್ಕು ಜನರ ನಡುವೆ ಕೋಲು ಮುರಿಯದಂತೆ ಕಾಯುವುದು. ಕೆರೆಯ ದಂಡೆಯಲ್ಲಿ ಮುತ್ತುಗದ ಮರದ ಅರೆ ನೆರಳು. ಅವರು ಜೋಳದ ಹಿಟ್ಟು ಕಲಸಿ ಗಾಳಕ್ಕೆ ಉಂಡೆ ಹಚ್ಚುತ್ತಿದ್ದರು. ನಾನು ಆ ಕಡೆ ಮುಖ ಮಾಡಿ ಕೂರುತ್ತಿದ್ದೆ. ಮಧ್ಯಾಹ್ನ ಅವರ ಡಬ್ಬಿಯ ರೊಟ್ಟಿ, ಪುಂಡಿಪಲ್ಯ ನಾನು ತಿನ್ನುತ್ತಿದ್ದೆ. ನನ್ನ ಡಬ್ಬಿಯ ಮೊಸರನ್ನ ಅವರು ತಿನ್ನುತ್ತಿದ್ದರು. ಮನೆಗೆ ಬಂದು ಅದನ್ನೂ ನಾನು ಹೇಳುತ್ತಿರಲಿಲ್ಲ. ಮೀನು ಮಾತ್ರ ಬರಲಿಲ್ಲ. ಆರು ಸಲ ಹೋದೆವು. ಆರು ಸಲವೂ ರೀಲಿಗೆ ಸ್ನಾನವಾಯಿತು.

ಏಳನೆಯ ಸಲ ದಂಡೆಯಲ್ಲಿ ಎಂದಿನಂತೆ ಬಿಗಿ ನೋಡಿದೆವು. ಅವರು ಕೋಲು ಎತ್ತಿ ಹಿಡಿದರು. ನಾನು ತಕ್ಕಡಿ ಹಿಡಿದು ಹಿಂದೆ ನಡೆದೆ. ದಾರ ಬರಲಿಲ್ಲ. ಮುಳ್ಳು ಮೂರಾಯಿತು, ನಾಲ್ಕಾಯಿತು, ಆರರವರೆಗೆ ಹೋಯಿತು. ಆಮೇಲೆ ಒಳಗೆ ಏನೋ ಕಿತ್ತುಕೊಂಡಂತೆ ಟಪ್ ಎಂದಿತು. ದಾರ ಬಿಟ್ಟಿತು. ಮುಳ್ಳು ಎರಡಕ್ಕೆ ಇಳಿದು ಅಲ್ಲೇ ನಿಂತಿತು.

"ಎಷ್ಟು ತೋರಸ್ತು, ಸರ?"

ಆರು ಎಂದರೆ ಅವರು ತಿರುಪು ಬಿಚ್ಚುತ್ತಾರೆ. ಬಿಚ್ಚಿದರೆ ಒಳಗೆ ಏನಿದೆ ಎಂದು ನನಗೆ ಗೊತ್ತು.

"ಎರಡು" ಎಂದೆ.

"ಬರೋಬ್ಬರಿ?"

"ಬರೋಬ್ಬರಿ."

ಅವರು ಮತ್ತೆ ಕೇಳಲಿಲ್ಲ. ಗಣಿತದ ಮಾಸ್ತರನ ಮಾತು.

ಹನ್ನೊಂದರ ಹೊತ್ತಿಗೆ ಕೋಲಿನ ತುದಿ ನೀರಿಗೆ ಬಾಗಿತು. ಅವರು ಎದ್ದು ನಿಂತ ರೀತಿಯಲ್ಲೇ ಇದು ಸಣ್ಣದಲ್ಲ ಎಂದು ತಿಳಿಯಿತು. ಮೂವತ್ತು ಮಾರು ದೂರದಲ್ಲಿ ನೀರಿನ ಮೇಲೆ ಒಂದು ಬೆನ್ನು ಕಂಡಿತು, ಹಲಗೆಯಂತೆ ಅಗಲ. ನನ್ನಂಥವನಿಗೂ ಅದು ಕಟ್ಲಾ ಎಂದು ಗೊತ್ತಾಯಿತು. ಅದು ತಿರುಗಿ ಆಳಕ್ಕೆ ಎಳೆಯಿತು. ರೀಲು ಕಿರ್ ಎನ್ನಬೇಕಿತ್ತು. ಅನ್ನಲಿಲ್ಲ; ಬೆಳಿಗ್ಗೆ ಬಿಟ್ಟಿದ್ದ ಬಿಲ್ಲೆಗಳು ಮತ್ತೆ ಕಚ್ಚಿಕೊಂಡಿದ್ದವು.

"ಸರ, ಬ್ರೇಕ್ ಬಿಡವಲ್ದು" ಎಂದರು ಅವರು, ಮೆಲ್ಲಗೆ, ಸ್ಟೇಷನ್ನಿಗೆ ಸುದ್ದಿ ಕೊಡುವವರಂತೆ. ಒಂದು ಕೈ ತಿರುಪಿನ ಕಡೆ ಹೋಗುವಷ್ಟರಲ್ಲಿ ದಾರ ತುಂಡಾಯಿತು. ಕೋಲು ನೆಟ್ಟಗಾಯಿತು. ಕೆರೆಯ ನೀರು ಮತ್ತೆ ಕೆರೆಯ ನೀರಿನಂತೆ ಇತ್ತು.

ಅವರು ಮರದ ಕೆಳಗೆ ಟವೆಲ್ಲು ಹಾಸಿ ತಿರುಪು ಬಿಚ್ಚಿದರು. ಬಿಲ್ಲೆಗಳನ್ನು ಒಂದೊಂದಾಗಿ ಉಗುರಿನಿಂದ ಕೀಳಬೇಕಾಯಿತು. ಉಣ್ಣೆ ಹಪ್ಪಳದಂತೆ ಗಟ್ಟಿಯಾಗಿತ್ತು, ಅದರ ಮೇಲೆ ಕಂದು ಹೆಪ್ಪು. ಅವರು ಮೂಗಿನ ಹತ್ತಿರ ಹಿಡಿದರು.

"ಶೀಗಿಕಾಯಿ" ಎಂದರು. "ಇದಕ್ಕೇನ್ ತಲಿಗೂದಲ ಅದಾವೇನ್ರಿ ಸರ?"

ನಗುವುದಕ್ಕೆ ಅವಕಾಶ ಕೊಟ್ಟಿದ್ದರು. ನನ್ನಿಂದಾಗಲಿಲ್ಲ.

"ಅವ್ವ ತೊಳದಾಳ."

"ಒಂದ್ ಸರ್ತಿ?"

"ಹೋಗಿ ಬಂದಾಗೆಲ್ಲ."

"ಇದಕ್ಕ ಮೀನೇ ಹತ್ತಿಲ್ಲಲ್ರಿ, ಇವತ್ತಿನ ತನಕ."

ಅವರು ಬಿಲ್ಲೆಗಳನ್ನು ಟವೆಲ್ಲಿನ ಮೇಲೆ ಸಾಲಾಗಿ ಇಟ್ಟರು, ಬಿಚ್ಚಿದ ಕ್ರಮದಲ್ಲೇ.

"ಗ್ಲಾಸ್ ನಿಮ್ಮದಿತ್ತು, ಸರ. ಬ್ಯಾರೆ ಇಡ್ರಿ, ತೊಳೀರಿ, ನಾ ಏನೂ ಅಂದಿಲ್ಲ. ರೀಲ್ ನಂದಿತ್ತು."

"ಹೌದು."

"ಮುಂಜಾನಿ ಮುಳ್ಳು ಜಿಗದಿದ್ದು ನೋಡಿದ್ರೇನು?"

"ನೋಡಿದೆ. ಆರಕ್ಕ ಹೋಗಿತ್ತು."

ಅವರು ಉಗುರಿನಲ್ಲಿ ಸಿಕ್ಕಿದ್ದ ಕಂದು ಹೆಪ್ಪನ್ನು ಟವೆಲ್ಲಿನ ಅಂಚಿಗೆ ಒರೆಸಿದರು. ಸಿಟ್ಟು ಕಾಣಲಿಲ್ಲ, ಡಬಲ್ ಡ್ಯೂಟಿ ಮುಗಿಸಿ ಗಾಡಿ ಹತ್ತಿದಾಗ ಇರುತ್ತಿದ್ದ ಮುಖವೇ ಇತ್ತು.

"ನಾ ಕೆಂಪು ಇದ್ದಲ್ಲಿ ಹಸರು ಝಂಡಾ ತೋರಸಿದ್ರ ನನ್ ನೌಕರಿ ಹೋಗ್ತದ್ರಿ" ಎಂದರು. ಆಮೇಲೆ ಡಬ್ಬಿ ತೆಗೆದರು. "ರೊಟ್ಟಿ ತಿನ್ರಿ. ಹೊತ್ತಾಗೇದ."

ತಿಂದೆ. ಅಷ್ಟು ದಣಿದು ನಾನು ಎಂದೂ ಉಂಡಿಲ್ಲ.

ಸೇಡಂ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ, ಅಭ್ಯಾಸದಂತೆ ರೀಲಿಗೆ ಕೈ ಚಾಚಿದೆ. ಅವರು ಅದನ್ನು ತಮ್ಮ ಚೀಲದಲ್ಲಿ ಹಾಕಿಕೊಂಡರು.

"ನಿಮ್ ಕ್ವಾರ್ಟರ್ದಾಗ ಧೂಳ ಅಂದಿದ್ರಿ" ಎಂದೆ.

"ಧೂಳ ಒರಸ್ಕೋಬಹುದು, ಸರ."

ಚಹಾಕ್ಕೆ ಮನೆಗೆ ಬರ್ರಿ ಎಂದೆ. ಗಾಡಿಗೆ ಹೊತ್ತಾಯಿತು ಎಂದರು. ಗಾಡಿಗೆ ಇನ್ನೂ ಒಂದು ತಾಸಿತ್ತು. ಅದರ ವೇಳೆ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಮನೆಯ ಬಾಗಿಲಲ್ಲಿ ತಾಯಿ ನಿಂತಿದ್ದರು. "ಎಲ್ಲದ ಅದು?" ಎಂದು ಕೇಳಿದರು.

"ಒಯ್ದರು. ಇನ್ನ ಬರೂದಿಲ್ಲ."

"ಚಲೋ ಆತು. ದಿನಾ ನಳದ ನೀರ ಸಾಲವಲ್ದಾಗಿತ್ತು."

ಗೂಡಿನಲ್ಲಿದ್ದ ಗ್ಲಾಸನ್ನು ತೆಗೆದು ಒಳಗಿನ ಗ್ಲಾಸುಗಳ ಜೊತೆ ಇಟ್ಟೆ. ತಾಯಿ ಅದನ್ನು ಬೆಳಿಗ್ಗೆ ಮತ್ತೆ ಗೂಡಿನಲ್ಲಿ ಇಟ್ಟಿದ್ದರು. ಎರಡು ದಿನ ಹೀಗೆ ಅದಲುಬದಲಾಯಿತು. ಮೂರನೆಯ ದಿನ ನಾನು ಬಿಟ್ಟುಬಿಟ್ಟೆ. ಅದರಲ್ಲಿ ಕುಡಿಯುವವರು ಹೇಗೂ ಇರಲಿಲ್ಲ.

ಪ್ಯಾಸೆಂಜರ್ ಗಾಡಿಯಲ್ಲಿ ನಾವು ಆಮೇಲೂ ಸಿಗುತ್ತಿದ್ದೆವು. ಅದೇ ಬೆಂಚು. ಪಗಾರ, ಬಿಸಿಲು, ಗಾಡಿ ತಡವಾದದ್ದು, ಎಲ್ಲ ಮಾತಾಡಿದೆವು. ಕೆರೆಯ ಸುದ್ದಿ ಅವರಾಗಿ ಎತ್ತಲಿಲ್ಲ, ನಾನು ಕೇಳಲಿಲ್ಲ. ಕೆಟ್ಟ ಬಿಲ್ಲೆಗಳ ಬದಲು ಹಳೆಯ ಉಣ್ಣೆ ಟೋಪಿಯೊಂದನ್ನು ಗುಂಡಗೆ ಕತ್ತರಿಸಿ ಹಾಕಿಕೊಂಡರೆಂದೂ, ಬಿಗಿ ನೋಡಲು ಎರಡು ಕಿಲೋದ ಅಕ್ಕಿಯ ಚೀಲ ಕಟ್ಟಿ ಒಬ್ಬರೇ ನೋಡಿಕೊಳ್ಳುತ್ತಾರೆಂದೂ ಬೇರೆ ಗಾರ್ಡೊಬ್ಬರು ಹೇಳಿದರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಅವರು ರಿಟೈರ್ ಆದರು. ಅಷ್ಟರೊಳಗೆ ಚಂದ್ರಂಪಳ್ಳಿಯಲ್ಲಿ ಮೂರು ದೊಡ್ಡ ಕಟ್ಲಾ ಹಿಡಿದಿದ್ದರು. ವಾಡಿಯ ಧೂಳಿನಲ್ಲಿ ರೀಲಿಗೆ ಏನೂ ಆಗಲಿಲ್ಲ.