ಮುಚ್ಚಳಕ್ಕೆ ಮೆತ್ತಿದ ಗಂಧ

ನೋಣಯ್ಯನ ಬಗ್ಗೆ ಬರೆಯಲು ನನಗೆ ಯೋಗ್ಯತೆ ಇಲ್ಲ. ಆದರೂ ಬರೆಯುತ್ತೇನೆ. ನಾನೂ ಬಾಯಿ ಮುಚ್ಚಿಕೊಂಡೇ ಸತ್ತರೆ ಅವನ ಪರವಾಗಿ ಹೇಳಲು ಇನ್ನು ಯಾರೂ ಉಳಿದಿಲ್ಲ.

೧೯೫೮ರಲ್ಲಿ ನಾನು ಮೂಡುಬಿದಿರೆಯ ಚಂದ್ರರಾಜರ ಮನೆಯಲ್ಲಿ ಡ್ರೈವರ್. ಕಾರು ಅವರ ತಂದೆಯ ಕಾಲದ್ದು, ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿದರೆ ಮಾತ್ರ ಏಳುವ ಜಾತಿ. ಅದನ್ನು ತೊಳೆಯುವವನು, ಹ್ಯಾಂಡಲ್ ತಿರುಗಿಸುವವನು ನೋಣಯ್ಯ. ನನಗಿಂತ ಹತ್ತು ವರ್ಷ ದೊಡ್ಡವನು. ನಾನು ಅವನನ್ನು ‘ನೀನು’ ಎನ್ನುತ್ತಿದ್ದೆ, ಅವನು ನನ್ನನ್ನು ‘ಡ್ರೈವರೇ’ ಎನ್ನುತ್ತಿದ್ದ. ಸ್ಟೇರಿಂಗ್ ಹಿಡಿದವನ ಕೊಬ್ಬು, ಮತ್ತೇನು!

ಆ ಜೈನರ ಮನೆಯಲ್ಲಿ ಬಟ್ಟೆಯಲ್ಲಿ ಸೋಸದ ನೀರನ್ನು ಕುಡಿಯುವ ಕ್ರಮವಿಲ್ಲ. ನೋಣಯ್ಯ ಪೆಟ್ರೋಲನ್ನೂ ಅದೇ ಭಕ್ತಿಯಿಂದ ಸೋಸುತ್ತಿದ್ದ. ಡಬ್ಬಿಯಿಂದ ಟ್ಯಾಂಕಿಗೆ ಹೊಯ್ಯುವಾಗ ಬಿಳಿ ಬಟ್ಟೆ ಹಿಡಿಯುವುದು, ಆಮೇಲೆ ಅದನ್ನು ಒಗೆದು ಒಣಹಾಕುವುದು.

“ಕಾರಿಗೂ ವ್ರತ ಹಿಡಿಸಿದ್ದೀಯಾ ಮಾರಾಯ?” ಎಂದು ನಾನು ಕೆಣಕಿದರೆ, “ಕಸ ಹೋಗಬಾರದಲ್ಲ ಡ್ರೈವರೇ” ಎಂದು ನಗುತ್ತಿದ್ದ.

ಆ ವರ್ಷದ ಆಯುಧಪೂಜೆ. ಯಜಮಾನರ ತಾಯಿ ರಾಜಮತಿಯಮ್ಮ ಹಿಂದಿನ ದಿನ ಅಷ್ಟಮಿಯ ಉಪವಾಸ ಮಾಡಿದ್ದರು, ಹನಿ ನೀರೂ ಮುಟ್ಟಿರಲಿಲ್ಲ. ವೇಣೂರಿಗೆ ಹೋಗಿ ದರ್ಶನ ಮಾಡಿ, ಅಲ್ಲೇ ತಂಗಿಯ ಮನೆಯಲ್ಲಿ ಊಟ ಮಾಡುವುದೆಂದು ಅವರ ಹಟ. ಸೂರ್ಯ ಮುಳುಗಿದ ಮೇಲೆ ಅವರು ಉಣ್ಣುವವರಲ್ಲ, ಕುಡಿಯುವವರೂ ಅಲ್ಲ. ಬೆಳಿಗ್ಗೆ ನೋಣಯ್ಯ ಪೆಟ್ರೋಲ್ ಸೋಸಿ ಹಾಕಿ ಕಾರು ತೊಳೆದ. ಗಂಧ ಹಚ್ಚುವ ಮರ್ಯಾದೆ ಮಾತ್ರ ನನ್ನದು. ದೀಪಕ್ಕೆ, ಬಾನೆಟ್ಟಿಗೆ ಹಚ್ಚಿದೆ. ಹಿಂದಿದ್ದ ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ದಪ್ಪಗೆ ಮೆತ್ತಿ ಮೇಲೊಂದು ಸೇವಂತಿಗೆ ಒತ್ತಿದೆ.

ಪೂಜೆ ತಡವಾಗಿ ಮೂರು ಗಂಟೆಗೆ ಹೊರಟೆವು. ವೇಣೂರಿಗೆ ನಾಲ್ಕು ಮೈಲಿ ಇರುವಾಗ ಕಾರು ಕೆಮ್ಮಿ ನಿಂತಿತು. ನೋಣಯ್ಯ ಹ್ಯಾಂಡಲ್ ತಿರುಗಿಸಿದ. ಊಹೂಂ. ನಾನು ಪ್ಲಗ್ ಬಿಚ್ಚಿ ಉಜ್ಜಿದೆ, ಕಿಡಿ ಚೆನ್ನಾಗಿಯೇ ಬರುತ್ತಿತ್ತು. ಕಾರ್ಬುರೇಟರ್ ಬಿಚ್ಚಿದರೆ ಒಳಗೆ ಒಣ ಒಣ, ಪೆಟ್ರೋಲೇ ಬರುತ್ತಿಲ್ಲ. ಪೈಪಿಗೆ ಬಾಯಿ ಹಾಕಿ ಹೀರಿದೆ, ಹನಿಯೂ ಬರಲಿಲ್ಲ. ಹಬ್ಬದ ದಿನ, ದಾರಿಯಲ್ಲಿ ಒಂದು ಎತ್ತಿನ ಗಾಡಿಯೂ ಇಲ್ಲ. ಹಿಂದಿನ ಸೀಟಿನಲ್ಲಿ ಅಮ್ಮ ಕಣ್ಣುಮುಚ್ಚಿ ಕುಳಿತಿದ್ದರು, ತುಟಿ ಒಡೆದಿತ್ತು. ಬಿಸಿಲು ಮರದ ತುದಿಗೆ ಹೋಯಿತು.

ನನ್ನ ತಲೆ ಕೆಟ್ಟಿತು. ರುಕ್ಮಯ್ಯನ ಕೈ ತಾಗಿದರೆ ಸತ್ತ ಕಾರೂ ಏಳುತ್ತದೆ ಎಂದು ಊರಿಡೀ ಹೇಳಿಸಿಕೊಂಡವನು ನಾನು!

“ಬಟ್ಟೆ ಒಣಗಿಸದೆ ಸೋಸಿದ್ದೀಯಲ್ಲ, ಬೇವರ್ಸಿ! ಪೆಟ್ರೋಲಿಗೆ ನೀರು ಸೇರಿದೆ!” ಎಂದು ಅಮ್ಮನ ಎದುರೇ ಕಿರುಚಿದೆ.

ನೋಣಯ್ಯ ಹೆದರಿಹೋದ. “ಒಣಗಿತ್ತು ಡ್ರೈವರೇ... ಒಣಗಿತ್ತು ಅಂತ ಕಾಣ್ತದೆ” ಎಂದ.

ಅವನನ್ನು ಹ್ಯಾಂಡಲಿನ ಹತ್ತಿರ ನಿಲ್ಲಿಸಿ, ನೀರು ತೋರಿಸಿಯೇ ಬಿಡುತ್ತೇನೆಂದು ಹಿಂದೆ ಹೋಗಿ ಮುಚ್ಚಳ ತಿರುವಿದೆ. ಸುಯ್ ಎಂದು ಗಾಳಿ ಒಳಗೆ ನುಗ್ಗಿತು. ಆಗ ಹೊಳೆಯಿತು. ಆ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ಓಟೆ ಉಂಟು. ಪೆಟ್ರೋಲ್ ಇಳಿದ ಹಾಗೆ ಅದರಿಂದ ಗಾಳಿ ಒಳಗೆ ಹೋಗಬೇಕು, ಇಲ್ಲದಿದ್ದರೆ ಪೆಟ್ರೋಲ್ ಮುಂದೆ ಹರಿಯುವುದಿಲ್ಲ. ಆ ಓಟೆಯ ಮೇಲೆ ನನ್ನ ಗಂಧ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದು ತೆಗೆದು, ಬೆರಳನ್ನು ಚಡ್ಡಿಗೆ ಒರೆಸಿದೆ. ಬಿಚ್ಚಿದ್ದನ್ನೆಲ್ಲ ಜೋಡಿಸಿದೆ. ಕಾರ್ಬುರೇಟರಿಗೆ ಪೆಟ್ರೋಲ್ ಬಂದದ್ದೇ ನೋಣಯ್ಯ ಒಂದು ಸಲ ತಿರುಗಿಸಿದ, ಎಂಜಿನ್ ಎದ್ದಿತು. ಅಷ್ಟರಲ್ಲಿ ಸೂರ್ಯ ಮುಳುಗಿಯಾಗಿತ್ತು.

“ಎಂತ ಆಗಿತ್ತು ರುಕ್ಮಯ್ಯ?” ಎಂದು ಅಮ್ಮ ಕೇಳಿದರು. ಸ್ವರವೇ ಏಳುತ್ತಿರಲಿಲ್ಲ.

“ನೀರು ಸೇರಿತ್ತು ಅಮ್ಮ. ತೆಗೆದೆ.”

ಅಮ್ಮ ಆ ರಾತ್ರಿಯೂ ಬಾಯಿಗೆ ನೀರು ಹಾಕಲಿಲ್ಲ. ಮರುದಿನ ಚಂದ್ರರಾಜರು ನೋಣಯ್ಯನನ್ನು ಕೆಲಸದಿಂದ ಬಿಡಿಸಿದರು. ನಾನು ಅಲ್ಲೇ ಜಗಲಿಯ ಕಂಬ ಹಿಡಿದು ನಿಂತಿದ್ದೆ. ಒಂದು ಮಾತು ಸಾಕಿತ್ತು. ಥೂ, ನನ್ನ ಬಾಯಿಗೆ ಏನು ಬಡಿದಿತ್ತೋ! ಅವನು ಹೋಗುವಾಗ ಸೋಸುವ ಬಟ್ಟೆಯನ್ನು ಮಡಚಿ ನನ್ನ ಕೈಗೆ ಕೊಟ್ಟು ಹೋದ.

ಆರು ವರ್ಷ ಅದು ನನ್ನನ್ನು ತಿಂದಿತು. ನೋಣಯ್ಯ ಬಂಟ್ವಾಳ ಪೇಟೆಯಲ್ಲಿ ಮೂಟೆ ಹೊರುತ್ತಾನೆಂದು ತಿಳಿದು, ಕಾಲು ಹಿಡಿದಾದರೂ ಹೇಳಿಬಿಡುತ್ತೇನೆಂದು ಹೊರಟೆ. ಹೊಳೆಯ ಬದಿಯಲ್ಲಿ ಅವನ ಗುಡಿಸಲು. ಹೆಂಡತಿ ಸೇಸಮ್ಮ ಬೆಲ್ಲ, ನೀರು ತಂದಿಟ್ಟಳು. ಅವನು ಬಹಳ ಇಳಿದುಹೋಗಿದ್ದ. ನಾನು ಬಾಯಿ ತೆರೆಯುವ ಮೊದಲೇ ಅವನು ಕೇಳಿದ:

“ಡ್ರೈವರೇ, ಅಮ್ಮನಿಗೆ ನನ್ನ ಮೇಲೆ ಇನ್ನೂ ಸಿಟ್ಟು ಉಂಟಾ? ಬಟ್ಟೆ ಒಣಗಿತ್ತು ಅಂತ ನಾನು ಗ್ರಹಿಸಿದ್ದು. ನನ್ನಿಂದಾಗಿ ಅವರು ಎರಡು ದಿನ ಹಸಿದರು.”

“ಪ್ರತಿ ಅಷ್ಟಮಿಗೆ ಇವರೂ ಉಣ್ಣುವುದಿಲ್ಲ. ಮೂಟೆ ಹೊರುವವರು! ನೀವಾದರೂ ಬುದ್ಧಿ ಹೇಳಿ” ಎಂದಳು ಸೇಸಮ್ಮ.

ನಾನು ಹೇಳಿದೆ. ಹೇಳಬೇಕಾದದ್ದನ್ನಲ್ಲ.

“ಅಮ್ಮ ಯಾವಾಗಲೋ ಕ್ಷಮಿಸಿದ್ದಾರೆ ನೋಣಯ್ಯ. ನೀನು ಉಣ್ಣು.”

ಅವನು ನನಗೆ ಕೈ ಮುಗಿದ. ನನಗೆ! ಕಣ್ಣಲ್ಲಿ ನೀರು ತುಂಬಿಕೊಂಡು, “ದೇವರು ನಿಮ್ಮನ್ನು ಚೆನ್ನಾಗಿಡಲಿ” ಎಂದ. ನಾನು ಆ ಬೆಲ್ಲ ತಿಂದು, ನೀರು ಕುಡಿದು, ಎದ್ದು ಬಂದೆ.

ಈಗ ಅಮ್ಮ ಇಲ್ಲ, ನೋಣಯ್ಯನೂ ಇಲ್ಲ, ಸೇಸಮ್ಮನೂ ಇಲ್ಲ. ಓದಿದವರು ಒಂದು ಮಾತು ನೆನಪಿಟ್ಟುಕೊಂಡರೆ ಸಾಕು. ಆ ದಿನ ನೋಣಯ್ಯನ ಬಟ್ಟೆ ಚೆನ್ನಾಗಿ ಒಣಗಿತ್ತು.