ಬ್ರೇಕಿಲ್ಲದ ಹಡಗು ಮತ್ತು ಖಡಕ್ ರೊಟ್ಟಿ

ನನ್ನ ಗಂಡ ಕಂಪ್ಯೂಟರ್ ಆಟದಲ್ಲಿ ಆಕಾಶದ ಹಡಗು ಓಡಿಸುತ್ತಾರೆ. ಹಗಲೆಲ್ಲ ಬೈಲಹೊಂಗಲದ ಪೇಟೆಯಲ್ಲಿ ಕಿರಾಣಿ ಅಂಗಡಿ, ಸಂಜೆ ಮನೆಗೆ ಬಂದರೆ ಅಲ್ಲೂ ವ್ಯಾಪಾರವೇ. ಒಂದು ಗ್ರಹದಲ್ಲಿ ಅದಿರು ಕೊಳ್ಳುವುದು, ಇನ್ನೊಂದರಲ್ಲಿ ಮಾರುವುದು. ಹಡಗು ನಡೆಸುವ ಕೆಲಸವನ್ನು ಮಾತ್ರ ಯಂತ್ರಕ್ಕೇ ಬಿಟ್ಟು ಚಹಾ ಕುಡಿಯುತ್ತ ಕೂರುತ್ತಾರೆ. ಆಮೇಲೆ ಗೆಳೆಯರ ಮುಂದೆ, ತಾವೇ ಓಡಿಸಿದ್ದೆಂದು ಜಂಬ.

ನಾನು ಅದರ ಮುಂದೆ ಮೊದಲ ಸಲ ಕುಳಿತದ್ದು ಅವರ ಮಾತಿಗೇ. ಸ್ನಾನಕ್ಕೆ ಹೋಗುತ್ತ, "ಸ್ವಲ್ಪ ನೋಡ್ಕೋತ ಕುಂಡ್ರು, ಏನೂ ಮುಟ್ಟಬ್ಯಾಡ" ಎಂದರು. ಮುಟ್ಟಬೇಡ ಎಂದದ್ದನ್ನು ಮುಟ್ಟುವುದು ನನಗೆ ಹುಟ್ಟುಗುಣ. ಪರದೆಯ ಮೂಲೆಯಲ್ಲಿ ಹಾರಾಟಕ್ಕೆ ಯಂತ್ರದ ನೆರವು ಬೇಕೋ ಬೇಡವೋ ಎಂದು ಕೇಳುವ ಗುಂಡಿಯೊಂದಿತ್ತು. ಬೇಡ ಎಂದೆ. ಹಡಗು ಪಕ್ಕಕ್ಕೆ ಜಾರಿತು, ಜಾರುತ್ತಲೇ ಹೋಯಿತು.

ಆಕಾಶದಲ್ಲಿ ಗಾಳಿಯಿಲ್ಲ, ರಸ್ತೆಯಿಲ್ಲ, ತಿಕ್ಕಾಟವಿಲ್ಲ. ಒಮ್ಮೆ ತಳ್ಳಿಸಿಕೊಂಡ ವಸ್ತು ತಾನಾಗಿ ನಿಲ್ಲುವುದಿಲ್ಲ. ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿ ಅಂಕ ಪಡೆದವಳು ನಾನು, ಅರ್ಥವಾದದ್ದು ಮದುವೆಯಾಗಿ ಮಕ್ಕಳು ಹೈಸ್ಕೂಲು ಸೇರಿದ ಮೇಲೆ. ಹಡಗಿಗೆ ಬ್ರೇಕ್ ಇಲ್ಲ. ನಿಲ್ಲಿಸಬೇಕೆಂದರೆ ಮೂತಿಯನ್ನು ಹಿಂದಕ್ಕೆ ತಿರುಗಿಸಿ, ಎಷ್ಟು ಜೋರಿನಿಂದ ಬಂದಿದ್ದೇವೋ ಅಷ್ಟನ್ನೂ ಎಂಜಿನ್ನಿನಿಂದಲೇ ಕಳೆಯಬೇಕು. ಖಾಲಿ ಹಡಗಾದರೆ ಬೇಗ ಮಾತು ಕೇಳುತ್ತದೆ. ತುಂಬಿದ್ದಾದರೆ ಬಲು ದೂರದಿಂದಲೇ ಶುರು ಮಾಡಬೇಕು. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಕುಳಿತು ಕುಳಿತು ಕಲಿತೆ. ಮೊದಮೊದಲು ಎಷ್ಟೋ ಹಡಗು ಪುಡಿ ಮಾಡಿದೆ. ಕೊನೆಗೊಂದು ದಿನ ಭರ್ತಿ ಸರಕಿನ ಹಡಗನ್ನು ಆಕಾಶದ ನಿಲ್ದಾಣದ ಬಾಗಿಲೊಳಗೆ ಗೀರಿಲ್ಲದೆ ಇಳಿಸಿದಾಗ ಒಬ್ಬಳೇ ಚಪ್ಪಾಳೆ ಹೊಡೆದುಕೊಂಡೆ. ಅಷ್ಟು ಸುಖವಾಗಿತ್ತು.

ಅದೇ ವಾರ ನನ್ನ ಗಂಡ ಯಂತ್ರದ ನೆರವು ಬಿಟ್ಟು ತಾವೇ ಓಡಿಸಲು ಹೋಗಿ, ತುಂಬಿದ ಹಡಗನ್ನು ನಿಲ್ದಾಣದ ಗೋಡೆಗೆ ಗುದ್ದಿದರು.

"ಭಾರ ಇತ್ತಲ್ರಿ, ಇನ್ನೂ ಮೊದಲ ತಡೀಬೇಕಿತ್ತು" ಎಂದೆ.

"ನಿನಗೇನ ತಿಳೀತೈತಿ? ಈ ಆಟನ ಸರಿ ಇಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆ ಮಾಡಿದವರು ಅಲ್ಲೂ ಹೆಣ್ಣನ್ನೇ ಹಿಡಿದುಕೊಂಡಿದ್ದಾರೆ.

ನನಗೂ ಒಂದು ವ್ಯಾಪಾರವಿದೆ. ಓಣಿಯ ಇಬ್ಬರು ಹೆಂಗಸರ ಜೊತೆ ಜೋಳದ ಖಡಕ್ ರೊಟ್ಟಿ ಬಡಿದು, ಡಬ್ಬಿಗಳಲ್ಲಿ ಪೇರಿಸಿ ಮುನವಳ್ಳಿಯ ಅಂಗಡಿಯೊಂದಕ್ಕೆ ಕಳಿಸುತ್ತೇನೆ. ಗಾಡಿ ನಮ್ಮ ಮನೆಯದೇ, ಸಣ್ಣ ವ್ಯಾನು. ಓಡಿಸುವವನು ಮೈದುನ. ಗಕ್ಕನೆ ಬ್ರೇಕ್ ಹಾಕದೆ ಅವನಿಗೆ ಗಾಡಿ ನಿಲ್ಲಿಸಲು ಬರುವುದಿಲ್ಲ. ಹಪ್ಪಳದಷ್ಟು ತೆಳುವಾದ ರೊಟ್ಟಿ ಅದನ್ನು ತಡೆಯುತ್ತದೆಯೇ? ಪ್ರತಿ ಸಲ ಡಬ್ಬಿಗಟ್ಟಲೆ ಚೂರು ವಾಪಸ್. "ವೈನಿ, ಸ್ವಲ್ಪ ದಪ್ಪ ಬಡೀರಿ" ಎಂದು ನನಗೇ ಬುದ್ಧಿ ಹೇಳುತ್ತಾನೆ.

ಹಾಗಾಗಿ ನಾನು ಡ್ರೈವಿಂಗ್ ಕಲಿತೆ, ಲೈಸೆನ್ಸ್ ಪಡೆದೆ. ಕಲಿಸಿದವರು ನಾನು ದೂರದಿಂದಲೇ ವೇಗ ಇಳಿಸುವುದನ್ನು ನೋಡಿ, ಮೊದಲು ಎಲ್ಲಿ ಓಡಿಸಿದ್ದಿರಿ ಎಂದು ಕೇಳಿದರು. ಆಕಾಶದಲ್ಲಿ ಎನ್ನಲಾದೀತೇ? ಮನೆಯಲ್ಲಿ ವ್ಯಾನಿನ ಕೀಲಿ ಕೇಳಿದರೆ ಮಾತ್ರ ಒಂದೇ ಉತ್ತರ: "ನೋಡೋಣು." ನನ್ನ ರೊಟ್ಟಿಯನ್ನು ನಾನೇ ಒಯ್ಯಬೇಕು, ಅಷ್ಟೇ ನನ್ನ ಆಸೆ. ಅದಕ್ಕಿಂತ ದೊಡ್ಡದೇನನ್ನೂ ಈ ಮನೆಯಲ್ಲಿ ನಾನು ಕೇಳಿದವಳಲ್ಲ.

ಮೈದುನ ಜ್ವರದಿಂದ ಮಲಗಿದ ದಿನ ಅವಕಾಶ ಸಿಕ್ಕಿತು. ಗಂಡ ಪಕ್ಕದಲ್ಲಿ ಕುಳಿತರು, ನಾನು ಓಡಿಸಿದೆ. ರಸ್ತೆಯ ಗುಂಡಿ ದೂರದಲ್ಲಿ ಕಂಡೊಡನೆ ಕಾಲು ಸಡಿಲಿಸಿದೆ. ಉಬ್ಬುಗಳನ್ನು ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ ದಾಟಿಸಿದೆ. ಭೂಮಿಯ ಮೇಲೆ ರಸ್ತೆಯೂ ಗಾಳಿಯೂ ಕೂಡಿಯೇ ಗಾಡಿಯನ್ನು ತಡೆಯುತ್ತವೆ, ಇದೆಂಥ ಸಲೀಸು ಕೆಲಸ ಎನ್ನಿಸಿತು. ಗಂಡ ಒಮ್ಮೆಯೂ ಬಾಯಿ ಬಿಡಲಿಲ್ಲ. ಅದನ್ನೇ ಮೆಚ್ಚುಗೆ ಎಂದುಕೊಂಡೆ, ಹುಚ್ಚಿ ನಾನು.

ಮುನವಳ್ಳಿಯ ಮನೆಗಳು ಕಾಣಿಸಿದವು.

"ನಿಲ್ಲಸು. ಇಳಿ, ನಾ ಹಿಡೀತೇನಿ."

"ಯಾಕ್ರಿ?"

"ಮಂದಿ ನೋಡ್ತಾರ."

ಇಳಿದೆ. ಆ ಕಡೆಯ ಸೀಟಿಗೆ ಹೋಗುವ ಮೊದಲು ಹಿಂಬಾಗಿಲು ತೆಗೆದು ಡಬ್ಬಿಗಳನ್ನು ಒಂದೊಂದಾಗಿ ನೋಡಿದೆ. ಒಂದೇ ಒಂದು ರೊಟ್ಟಿಯೂ ಮುರಿದಿರಲಿಲ್ಲ. ಅವರನ್ನು ಕರೆದು ತೋರಿಸಿದೆ. "ಹೂಂ, ಗಾಡಿ ಹತ್ತು ಲಗೂನ" ಎಂದರು.

ಉಳಿದದ್ದು ಊರೊಳಗಿನ ತುಸು ದಾರಿ. ಅಷ್ಟರಲ್ಲೇ ಅಡ್ಡ ಬಂದ ಎಮ್ಮೆಗೊಂದು, ಅಂಗಡಿಯ ಮುಂದೊಂದು, ಎರಡು ಸಲ ಗಕ್ಕನೆ ಬ್ರೇಕ್ ಹಾಕಿದರು. ಎರಡು ಸಲವೂ ಬೆನ್ನ ಹಿಂದೆ ಡಬ್ಬಿಗಳು ಒಂದಕ್ಕೊಂದು ಬಡಿದ ಸದ್ದು ಕೇಳಿತು.

ಅಂಗಡಿಯ ಚಾಚಾ ಒಳಗಿನಿಂದ ಬಂದು ಡಬ್ಬಿ ಬಿಚ್ಚಿದರು. "ಸಾವ್ಕಾರ್ರ, ಈ ಸಲಾನೂ ಭಾಳ ಒಡದಾವಲ್ರಿ?"

ನನ್ನ ಗಂಡ ನಕ್ಕರು. "ಇವತ್ತ ಇಕಿ ಓಡಿಸ್ಯಾಳ್ರಿ ಚಾಚಾ. ಹೆಣ್ಮಕ್ಕಳ ಕೈಯಾಗ ಗಾಡಿ ಕೊಟ್ರ ಹಿಂಗ ನೋಡ್ರಿ."

"ಇರ್ಲಿ ಬಿಡ್ರಿ ತಂಗಿ, ಕಲೀತೀರಿ" ಎಂದು ಚಾಚಾ ನನಗೆ ಸಮಾಧಾನ ಹೇಳಿದರು.

ನಾನು ಓಡಿಸಿದ್ದನ್ನು ಮಂದಿ ನೋಡಬಾರದಿತ್ತು. ರೊಟ್ಟಿ ಒಡೆದ ಮೇಲೆ ಮಾತ್ರ ಮಂದಿಗೆ ಗೊತ್ತಾಗಬೇಕಿತ್ತು. ಅಲ್ಲೇ ಬಾಯಿ ಬಿಟ್ಟಿದ್ದರೆ, ಪೇಟೆಯ ನಡುವೆ ಗಂಡನ ಮಾನ ತೆಗೆದವಳು ಎನ್ನಿಸಿಕೊಳ್ಳುತ್ತಿದ್ದೆ. ವಾಪಸ್ ದಾರಿಯಲ್ಲಿ ಕೇಳಿದೆ: "ಸುಳ್ಳ ಯಾಕ ಹೇಳಿದ್ರಿ?"

"ಸುಳ್ಳೇನು? ನೀ ಓಡಿಸೀದಿಲ್ಲೇನು?"

ಅಂದಿನಿಂದ ಕೀಲಿಯ ಮಾತೆತ್ತಿದರೆ ಮುನವಳ್ಳಿಯ ಕತೆ. ಅದೀಗ ಮನೆಯಲ್ಲೆಲ್ಲ ಖರೇ ಕತೆಯಾಗಿದೆ. ಮೈದುನನೂ ಹೇಳುತ್ತಾನೆ, ಮಕ್ಕಳೂ ಹೇಳಿ ನಗುತ್ತಾರೆ.

ಮೊನ್ನೆ ಗಂಡ ಒಂದು ದೊಡ್ಡ ಪೆಟ್ಟಿಗೆ ತಂದು ನನ್ನ ಮುಂದಿಟ್ಟರು. ಒಳಗೆ ಹಡಗು ಓಡಿಸುವ ಜಾಯ್‌ಸ್ಟಿಕ್. ನಾನು ಮಧ್ಯಾಹ್ನ ಆಡುವುದು ಅವರಿಗೆ ಮೊದಲೇ ಗೊತ್ತಿತ್ತಂತೆ.

"ನಿನಗಂತನ ತರಿಸೇನಿ. ಇದರಾಗ ಎಷ್ಟ ಬೇಕ ಅಷ್ಟ ಓಡಿಸು. ಯಾರೂ ಬ್ಯಾಡ ಅನ್ನಂಗಿಲ್ಲ."

"ಯಾರೂ ನೋಡಂಗೂ ಇಲ್ಲ, ಅಲ್ರಿ?" ಎಂದೆ. ಚೇಷ್ಟೆ ಎಂದುಕೊಂಡು ನಕ್ಕರು.

ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ. ತುಪ್ಪ ಅಸಲಿಯೇ ಇದೆ, ಸಿಟ್ಟು ಬರುವುದೂ ಅದಕ್ಕೇ. ಬೆರಳು ತಾಗಿದರೆ ಸಾಕು, ಹಡಗು ಮನಸ್ಸಿನಲ್ಲಿದ್ದದ್ದನ್ನು ಮಾಡುತ್ತದೆ. ಈಗ ಯಾವ ನಿಲ್ದಾಣಕ್ಕಾದರೂ, ಎಂಥ ಭಾರವನ್ನಾದರೂ ಅಲುಗದಂತೆ ಇಳಿಸಬಲ್ಲೆ. ಮಧ್ಯಾಹ್ನ ಹಾಗೆ ಇಳಿಸುತ್ತಿರುವಾಗ ಹೊರಗೆ ಮೈದುನ ವ್ಯಾನು ಚಾಲೂ ಮಾಡುತ್ತಾನೆ, ಹಿಂದೆ ನನ್ನ ರೊಟ್ಟಿ. ಓಣಿಯ ತಿರುವಿನಲ್ಲಿ ಅವನು ಬ್ರೇಕ್ ಹಾಕಿದ್ದು ಇಲ್ಲಿಗೆ ಕೇಳಿಸುತ್ತದೆ.